ಬಡ್ಡಿ ಸಬ್ಸಿಡಿಯವರೇ, ಚನ್ನಗಿರಿಗೆ ದಾರಿ ಹೀಗಿದೆ

ಸನ್ಮಾನ್ಯ ಗೃಹಸಾಲ ಬಡ್ಡಿ ಸಬ್ಸಿಡಿಯವರಿಗೆ,
ಮುಕ್ಕಾಂ ದೆಹಲಿ.

ಇತ್ತ ನಾವೆಲ್ಲ ಕ್ಷೇಮ. ತಮ್ಮ ಕ್ಷೇಮಸಮಾಚಾರ ಆಗಾಗ ಪತ್ರಿಕೆಯ ಜಾಹೀರಾತಿನಲ್ಲಿ ಸಿಗುತ್ತಿರುವುದರಿಂದ ಬೇರೆಯಾಗಿ ವಿಚಾರಿಸುತ್ತಿಲ್ಲ.

ನಾನು ಚನ್ನಗಿರಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡವನು. ಹದಿನೇಳು ವರ್ಷವಾಯಿತು. ಈ ಊರಿನಲ್ಲಿ ಯಾರು ಸೈಟು ಕೊಂಡರು, ಯಾರು ಅಡ್ವಾನ್ಸ್ ಕೊಟ್ಟು ಕೈಸುಟ್ಟುಕೊಂಡರು, ಯಾರ ಲೋನು ಯಾವ ಕಾಗದಕ್ಕೆ ನಿಂತಿತು ಎಂಬುದು ಅವರ ಮನೆಯವರಿಗಿಂತ ಮೊದಲು ನನ್ನ ಮೆಷಿನ್ನಿಗೆ ಗೊತ್ತಾಗುತ್ತದೆ. ಪಹಣಿ, ಮ್ಯುಟೇಶನ್, ಇ.ಸಿ., ವಂಶವೃಕ್ಷ, ಕಂದಾಯದ ರಸೀದಿ, ಆಧಾರ್ ಎರಡೂ ಕಡೆ. ಪುಟಕ್ಕೆ ಎರಡು ರೂಪಾಯಿ. ಇಷ್ಟು ಜನರ ಮನೆ ನನ್ನ ಕೈಮೇಲೆ ಹಾದುಹೋದರೂ ನಾನಿರುವುದು ಬಾಡಿಗೆ ಮನೆಯಲ್ಲಿ. ಇದನ್ನು ದೂರು ಎಂದು ತಿಳಿಯಬಾರದು. ಕುಂಬಾರ ಒಡಕು ಮಡಕೆಯಲ್ಲಿ ಉಣ್ಣುವುದು ಲೋಕರೂಢಿ.

ತಾವು 2024ರ ಸೆಪ್ಟೆಂಬರ್ 1ರಂದು ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0 ಎಂಬ ದೊಡ್ಡ ಮನೆತನದಲ್ಲಿ ಜನಿಸಿದಿರಿ. ತಮ್ಮ ಅಣ್ಣನವರನ್ನೂ, ಎಂದರೆ ಹಳೆಯ ಬಡ್ಡಿ ಸಬ್ಸಿಡಿಯವರನ್ನೂ, ನಾನು ಬಲ್ಲೆ. 2015ರಲ್ಲಿ ಬಂದವರು, ಬಡವರ ಆರು ಲಕ್ಷದವರೆಗಿನ ಸಾಲಕ್ಕೆ ಶೇ 6.5ರಷ್ಟು ಬಡ್ಡಿಯ ಭಾರ ಹೊತ್ತು, ಹೆಚ್ಚೆಂದರೆ 2.67 ಲಕ್ಷ ರೂಪಾಯಿಯನ್ನು ಒಂದೇ ಸಲಕ್ಕೆ ಅಸಲಿಗೆ ಜಮಾ ಮಾಡಿ, 2022ರ ಮಾರ್ಚ್ 31ಕ್ಕೆ ಗಂಟುಮೂಟೆ ಕಟ್ಟಿದರು. ನನ್ನ ಅಂಗಡಿಯ ಮುಂದೆ ಅವರು ಹಾದುಹೋದದ್ದನ್ನು ನಾನಂತೂ ಕಾಣಲಿಲ್ಲ. ದಾವಣಗೆರೆಯಲ್ಲಿ ಯಾವುದೋ ಫ್ಲಾಟಿನವರ ಮನೆಯಲ್ಲಿ ಬೆಣ್ಣೆ ದೋಸೆ ತಿಂದು ಹಾಗೇ ಹೊರಟುಹೋದರೋ ಏನೋ.

ತಾವು ಅಣ್ಣನಿಗಿಂತ ಲೆಕ್ಕಸ್ಥರು. ಮನೆಯ ಬೆಲೆ 35 ಲಕ್ಷ ಮೀರಬಾರದು, ಸಾಲ 25 ಲಕ್ಷ ದಾಟಬಾರದು, ವರ್ಷದ ಆದಾಯ 9 ಲಕ್ಷದೊಳಗಿರಬೇಕು. ಹಾಗಿದ್ದರೆ ಮೊದಲ 8 ಲಕ್ಷ ಸಾಲಕ್ಕೆ, 12 ವರ್ಷದ ಅವಧಿಗೆ, ಶೇ 4ರಷ್ಟು ಬಡ್ಡಿ ತಮ್ಮದು. ಒಟ್ಟು 1.80 ಲಕ್ಷ ರೂಪಾಯಿ, ಐದು ವಾರ್ಷಿಕ ಕಂತಿನಲ್ಲಿ. ನನ್ನ ಕ್ಯಾಲ್ಕುಲೇಟರ್ ಪ್ರಕಾರ ತಿಂಗಳಿಗೆ 3 ಸಾವಿರ, ಅಂದರೆ ನನ್ನ ಬಾಡಿಗೆಯ ಅರ್ಧ. ಬೇಡ ಎನ್ನುವ ಮೊತ್ತವಲ್ಲ. ಅದಕ್ಕೇ ಎರಡು ವರ್ಷದಿಂದ ತಮ್ಮ ದಾರಿ ಕಾಯುತ್ತಿದ್ದೇನೆ. ತಾವು ಬಾರದಿರುವುದಕ್ಕೆ ದಾರಿ ಗೊತ್ತಿಲ್ಲದಿರುವುದೇ ಕಾರಣವಿರಬೇಕು ಎಂದು ಈಚೆಗೆ ಹೊಳೆಯಿತು. ಆದ್ದರಿಂದ ಈ ಪತ್ರ.

ಊರು ಹತ್ತಿರವಾದಂತೆ ಎರಡೂ ಕಡೆ ಅಡಿಕೆ ತೋಟ ಸಿಗುತ್ತದೆ. ಭದ್ರಾ ನಾಲೆಯ ನೀರು ಹರಿಯುವ ಕಡೆ ಭತ್ತದ ಗದ್ದೆಗಳೂ ತೋಟವಾಗಿವೆ. ಸೈಟಿನ ಬೆಲೆ ಹುಟ್ಟುವುದು ಅಲ್ಲಿಯೇ. ಜಗಳೂರಿನ ಕಡೆಯ ಬ್ರೋಕರ್ ಮೋಡ ನೋಡಿ ರೇಟು ಹೇಳಿದರೆ ನಮ್ಮವನು ಮೊಬೈಲ್ ನೋಡಿ ಹೇಳುತ್ತಾನೆ. ಟೀ ಲೋಟ ಕೆಳಗಿಟ್ಟು, ಅಡಿಕೆ ಸೊಸೈಟಿ ತುಮ್ಕೋಸ್‌ನಲ್ಲಿ ಇವತ್ತು ರಾಶಿ ಅಡಿಕೆ ಎಷ್ಟಕ್ಕೆ ಹೋಯಿತು ಎಂದು ನೋಡಿ, ಆಮೇಲೆ ಬಾಯಿ ಬಿಡುತ್ತಾನೆ. ಕ್ವಿಂಟಲ್ ಐವತ್ತು ಸಾವಿರ ದಾಟಿದ ದಿನ ಸೈಟಿನ ಮಾಲೀಕ ಫೋನ್ ಎತ್ತುವುದಿಲ್ಲ. ಧಾರಣೆ ಬಿದ್ದರೆ ಫೋನ್ ಎತ್ತಿ, ‘ಸ್ವಲ್ಪ ದಿನ ತಡೀರಿ, ಏರುತ್ತೆ’ ಎನ್ನುತ್ತಾನೆ. ಸೈಟಿನ ಉದ್ದಗಲ ಅಂದಿನಂತೆಯೇ ಮೂವತ್ತು-ನಲವತ್ತು. ಬೆಳೆಯುವುದೆಲ್ಲ ಎತ್ತರಕ್ಕೆ, ಅಡಿಕೆ ಮರದ ಹಾಗೆ. ರಿಸರ್ವ್ ಬ್ಯಾಂಕಿನವರು 2025ರ ಆರಂಭದಲ್ಲಿ ಶೇ 6.50 ಇದ್ದ ರೆಪೊ ದರವನ್ನು ಡಿಸೆಂಬರ್ ಹೊತ್ತಿಗೆ 5.25ಕ್ಕೆ ಇಳಿಸಿದ್ದನ್ನು ನಾವೂ ಓದಿದೆವು. ಸಂತೋಷವೇ. ಆದರೆ ನಮ್ಮೂರಲ್ಲಿ ರೆಪೊ ದರಕ್ಕಿಂತ ಗೊರಬಲು ಅಡಿಕೆಯ ದರಕ್ಕೆ ಓದುಗರು ಜಾಸ್ತಿ.

ತೋಟ ದಾಟಿದ ಮೇಲೆ ಬ್ಯಾಂಕು ಸಿಗುತ್ತದೆ. ಇಲ್ಲಿ ತಾವು ಸ್ವಲ್ಪ ಹೊತ್ತು ಕೂರಬೇಕು, ಏಕೆಂದರೆ ಎಲ್ಲರೂ ಕೂರುತ್ತಾರೆ. ಐದು ಎಕರೆ ತೋಟದ ಯಜಮಾನರೊಬ್ಬರು ಪಟ್ಟಣದಲ್ಲಿ ಮನೆ ಕಟ್ಟಲು ಸಾಲ ಕೇಳಲು ಬಂದರು. ‘ಸಂಬಳದ ಸ್ಲಿಪ್ ಇದೆಯಾ?’ ಇಲ್ಲ. ‘ಮೂರು ವರ್ಷದ ಐ.ಟಿ. ರಿಟರ್ನ್?’ ಅದೂ ಇಲ್ಲ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ತೆರಿಗೆ ಇಲ್ಲದ್ದರಿಂದ ರಿಟರ್ನ್ ಇಲ್ಲ, ರಿಟರ್ನ್ ಇಲ್ಲದ್ದರಿಂದ ಆದಾಯವೇ ಇಲ್ಲ. ತೋಟವನ್ನೇ ಅಡ ಇಡುತ್ತೇನೆ ಎಂದರು ಯಜಮಾನರು. 2002ರ ಸರ್ಫೇಸಿ ಕಾಯ್ದೆ ಕೃಷಿ ಜಮೀನನ್ನು ಮುಟ್ಟುವ ಹಾಗಿಲ್ಲ, ಹಾಗಾಗಿ ಗೃಹಸಾಲಕ್ಕೆ ತೋಟದ ಅಡಮಾನ ಬ್ಯಾಂಕಿಗೆ ಪಥ್ಯವಲ್ಲ. ಅವರ ತೋಟ ಕಾಯುವವನ ಮಗ ಬೆಂಗಳೂರಿನಲ್ಲಿ ತಿಂಗಳಿಗೆ ಮೂವತ್ತು ಸಾವಿರದ ಕೆಲಸದಲ್ಲಿದ್ದಾನೆ. ಅವನಿಗೆ ಫೋನಿನಲ್ಲೇ ಸಾಲ ಮಂಜೂರಾಗಿದೆಯಂತೆ. ಯಜಮಾನರು ಹೊರಬಂದು ನನ್ನ ಅಂಗಡಿ ಮುಂದೆ ನಿಂತು, ‘ನನ್ನ ಮರ ಸಂಬಳ ಕೊಡೋದು ವರ್ಷಕ್ಕೊಂದು ಸಲ ಕಣಪ್ಪಾ, ಸ್ಲಿಪ್ ಕೊಡಲ್ಲ’ ಅಂದರು. ಅದಕ್ಕೆ ಜೆರಾಕ್ಸ್ ತೆಗೆಯಲು ನನ್ನಿಂದಾಗಲಿಲ್ಲ.

ಇನ್ನೊಂದು ವಿಷಯ ತಮ್ಮ ಕಿವಿಯಲ್ಲಿ ಮಾತ್ರ. ನಮ್ಮಲ್ಲಿ ಒಬ್ಬೊಬ್ಬರಿಗೆ ಎರಡೆರಡು ಆದಾಯ. ಬಿ.ಪಿ.ಎಲ್. ಕಾರ್ಡಿಗೆ ವಾರ್ಷಿಕ 1.20 ಲಕ್ಷದೊಳಗಿನ ಆದಾಯ, ಬ್ಯಾಂಕಿಗೆ ಕಂತು ಕಟ್ಟಲು ಸಾಲುವಷ್ಟು ಆದಾಯ. ಎರಡೂ ಪತ್ರ ನನ್ನ ಅಂಗಡಿಗೇ ಬರುತ್ತವೆ, ಕೆಲವು ಸಲ ಒಂದೇ ದಿನ, ಒಂದೇ ಪ್ಲಾಸ್ಟಿಕ್ ಕವರಿನಲ್ಲಿ. ಬಡವನ ಪ್ರತಿ ಬ್ಯಾಂಕಿನ ಫೈಲಿಗೆ, ಸಾಹುಕಾರನ ಪ್ರತಿ ಆಹಾರ ಇಲಾಖೆಯ ಫೈಲಿಗೆ ಹೋಗದಂತೆ ನೋಡಿಕೊಳ್ಳುವುದು ಈ ಕಸುಬಿನ ಧರ್ಮ. ಅದಕ್ಕೆ ಬೇರೆ ಚಾರ್ಜು ಹಾಕಿಲ್ಲ.

ಅಡಿಕೆಯವನಿಗೆ ಹೇಗೋ ಸಾಲ ಸಿಕ್ಕಿತು ಎಂದೇ ಇಟ್ಟುಕೊಳ್ಳಿ. ಕಂತು ಪ್ರತಿ ತಿಂಗಳು ಐದನೇ ತಾರೀಖಿಗೆ ಬರುತ್ತದೆ, ಕೊಯ್ಲು ಹಾಗೆ ಬರುವುದಿಲ್ಲ. ತೋಟ ಖೇಣಿಗೆ ಕೊಟ್ಟ ದುಡ್ಡು ಒಟ್ಟಿಗೆ ಕೈಗೆ ಬಂದಾಗ ಅವನು ಮೊದಲು ಮಾಡುವ ಕೆಲಸ ಸಾಲ ತೀರಿಸುವುದು. ಅದು ಅವನಿಗೆ ಅಪ್ಪ ಹೇಳಿಕೊಟ್ಟ ಪಾಠ. ಆದರೆ ತಮ್ಮ ಷರತ್ತು ಏನು? ಕಂತು ಬಿಡುಗಡೆಯಾಗುವಾಗ ಅಸಲು ಅರ್ಧಕ್ಕಿಂತ ಹೆಚ್ಚು ಬಾಕಿ ಇರಬೇಕು. ಬೇಗ ತೀರಿಸಿದವನಿಗೆ ತಾವು ಬೆನ್ನು ತಿರುಗಿಸುತ್ತೀರಿ. ಸಾಲಗಾರನಾಗಿಯೇ ಬಾಳು ಎಂಬ ಆಶೀರ್ವಾದವನ್ನು ನಮ್ಮ ಕಡೆ ಶತ್ರುಗಳಿಗೂ ಕೊಡುವುದಿಲ್ಲ ಸ್ವಾಮಿ.

ಬ್ಯಾಂಕು ಬಿಟ್ಟು ಮುಂದೆ ಬಂದರೆ ಖಾತೆಯ ಹೊಳೆ ಅಡ್ಡ ಬರುತ್ತದೆ. ಸೇತುವೆ ಇಲ್ಲ. ಈ ಹೊಳೆಯಲ್ಲಿ ಕೊಚ್ಚಿಹೋದ ಅಡ್ವಾನ್ಸುಗಳಿಗೆ ಲೆಕ್ಕವಿಲ್ಲ. ಹೊಲದ ಮಾಲೀಕನೊಬ್ಬ ಭೂಪರಿವರ್ತನೆ ಮಾಡಿಸದೆ, ಲೇಔಟ್ ಮಂಜೂರಾತಿ ಇಲ್ಲದೆ ಸುಣ್ಣದ ಗೆರೆ ಎಳೆದು, ಕಲ್ಲು ನೆಟ್ಟು, ಬಾಗಿಲಿಲ್ಲದ ಕಮಾನೊಂದನ್ನು ನಿಲ್ಲಿಸಿ ಅದಕ್ಕೊಂದು ದೇವರ ಹೆಸರಿಡುತ್ತಾನೆ. ಅದು ರೆವಿನ್ಯೂ ಸೈಟು. ದೇವರ ಹೆಸರಿರುವುದರಿಂದ ಯಾರೂ ಅನುಮಾನಿಸುವುದಿಲ್ಲ. 2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತೆ ಕಡ್ಡಾಯವಾಯಿತು. ಆಗ ತಿಳಿದದ್ದು, ಇಷ್ಟು ವರ್ಷ ಕಂದಾಯ ಕಟ್ಟಿದ ಸೈಟು ಕಾಗದದಲ್ಲಿ ಇನ್ನೂ ರಾಗಿ ಹೊಲವೆಂದು. 2025ರಲ್ಲಿ ಸರ್ಕಾರ ಕರುಣೆ ತೋರಿ, ಅಂಥವಕ್ಕೆ ಬಿ-ಖಾತೆ ಕೊಡುವ ಅಭಿಯಾನ ನಡೆಸಿತು. ಜನ ಸಾಲುಗಟ್ಟಿ ನಿಂತರು. ಆ ತಿಂಗಳುಗಳಲ್ಲಿ ನಾನು ಟೋನರ್ ಎಷ್ಟು ಸಲ ತುಂಬಿಸಿದೆ ಎಂದರೆ, ಟೋನರ್ ಅಂಗಡಿಯವ ನನ್ನನ್ನು ಅಣ್ಣಾ ಎನ್ನತೊಡಗಿದ. ಬಿ-ಖಾತೆ ಹಿಡಿದು ಬ್ಯಾಂಕಿಗೆ ಹೋದವರಿಗೆ ಕುರ್ಚಿ ಸಿಕ್ಕಿತು, ಸಾಲ ಸಿಗಲಿಲ್ಲ. ಎ ಮತ್ತು ಬಿ ನಡುವೆ ಒಂದೇ ಅಕ್ಷರದ ಅಂತರ ಎಂದು ಶಾಲೆಯಲ್ಲಿ ಕಲಿಸಿದ ಮೇಷ್ಟರು ಗೃಹಸಾಲ ತೆಗೆದವರಲ್ಲ.

ಪುರಸಭೆಯ ಗಡಿ ದಾಟಿದರೆ ಗ್ರಾಮ ಪಂಚಾಯಿತಿ. ಅಲ್ಲಿ ನಮೂನೆ 9, 11ಎ, 11ಬಿ ಎಂಬ ಬೇರೆ ವರ್ಣಮಾಲೆ. ಅದನ್ನು ಇಲ್ಲಿ ಬಿಡಿಸಿದರೆ ತಾವು ದೆಹಲಿಯಿಂದ ಹೊರಡುವುದೇ ಇಲ್ಲ.

ದಾರಿಯಲ್ಲಿ ಸೂಳೆಕೆರೆ ಸಿಗುತ್ತದೆ, ಶಾಂತಿಸಾಗರ ಎಂದರೂ ಅದೇ. ಒಂದು ಗಳಿಗೆ ಗಾಡಿ ನಿಲ್ಲಿಸಿ. ಶಾಂತವ್ವ ಎಂಬಾಕೆ ಕೆರೆ ಕಟ್ಟಿಸಲು ಹೊರಟಾಗ ಆ ಜಾಗ ಸೂಳೆಯರದಾಗಿತ್ತಂತೆ, ಕೆರೆಗೆ ತಮ್ಮ ಹೆಸರಿಡಬೇಕು ಎಂಬ ಒಂದೇ ಷರತ್ತಿಗೆ ಅವರು ಜಾಗ ಬಿಟ್ಟುಕೊಟ್ಟರಂತೆ. ಐತಿಹ್ಯ ನಿಜವೋ ಸುಳ್ಳೋ, ವ್ಯವಹಾರದ ಶುಚಿತ್ವ ನೋಡಿ. ಮೂವತ್ತು ವರ್ಷದ ಇ.ಸಿ. ಇಲ್ಲ, ವಕೀಲರ ಲೀಗಲ್ ಒಪೀನಿಯನ್ ಇಲ್ಲ, ಅರ್ಧ ನಗದು ಅರ್ಧ ಚೆಕ್ ಇಲ್ಲ. ಮಾತು ಈಗಲೂ ಉಳಿದಿದೆ, ನೀರೂ ಇದೆ.

ಈಗ ರಿಜಿಸ್ಟ್ರೇಶನ್ನಿನ ದಿನ. ಲೆಕ್ಕಕ್ಕೆಂದು ಹೇಳುತ್ತೇನೆ, ಯಾರದ್ದೋ ಗುಟ್ಟು ಬಯಲು ಮಾಡುತ್ತಿಲ್ಲ. ಮನೆಯ ಬೆಲೆ 28 ಲಕ್ಷ. ಮಾರುವವರು, ‘ಪತ್ರದಲ್ಲಿ 20 ತೋರಿಸೋಣ, ಉಳಿದದ್ದು ಕೈಗೆ’ ಎನ್ನುತ್ತಾರೆ. ಆಸ್ತಿಯ ವ್ಯವಹಾರದಲ್ಲಿ 20 ಸಾವಿರ ಮತ್ತು ಅದಕ್ಕಿಂತ ಹೆಚ್ಚು ನಗದು ಕೂಡದೆಂದು 2015ರಿಂದಲೂ ಕಾನೂನಿದೆ. ಅದರ ಜೆರಾಕ್ಸ್ ಮಾತ್ರ ಇದುವರೆಗೆ ನನ್ನಲ್ಲಿ ಯಾರೂ ತೆಗೆಸಿಲ್ಲ. 30 ಲಕ್ಷದವರೆಗಿನ ಸಾಲಕ್ಕೆ ಬೆಲೆಯ ಶೇ 90ರವರೆಗೆ ಕೊಡಬಹುದೆಂದು ರಿಸರ್ವ್ ಬ್ಯಾಂಕು ಹೇಳುತ್ತದೆ. ಯಾವ ಬೆಲೆಯ? ಕಾಗದದ ಬೆಲೆಯ. ಶೇ 90 ಎಂದರೆ 18 ಲಕ್ಷ. ಮಿಕ್ಕ 10 ಲಕ್ಷಕ್ಕೆ ಹೆಂಡತಿಯ ಕೊರಳು ನೋಡಬೇಕು, ಇಲ್ಲವೇ ಮಾವನ ಮುಖ ನೋಡಬೇಕು. ಅದರ ಮೇಲೆ ಸ್ಟ್ಯಾಂಪ್ ಡ್ಯೂಟಿ ಶೇ 5, ಡ್ಯೂಟಿಯ ಮೇಲೆ ಸೆಸ್ಸು, ಸರ್‌ಚಾರ್ಜು. ನೋಂದಣಿ ಶುಲ್ಕ ಶೇ 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ 2. ಒಟ್ಟು ಶೇ 7.6, ಎಂದರೆ 20 ಲಕ್ಷಕ್ಕೆ 1 ಲಕ್ಷದ 52 ಸಾವಿರ. ಮನೆ 10 ಲಕ್ಷ ಮೀರಿದ್ದರೆ ಈ ಖರ್ಚನ್ನು ಸಾಲದ ಲೆಕ್ಕಕ್ಕೆ ಸೇರಿಸುವಂತಿಲ್ಲ, ಕೈಯಿಂದಲೇ ಕಟ್ಟಬೇಕು. ತಾವು ಐದು ವರ್ಷದಲ್ಲಿ ಕೊಡುವುದು 1.80 ಲಕ್ಷ. ಬೆಂಗಳೂರಿನವರು ಅರ್ಧ ಗಂಟೆಯಲ್ಲಿ ತೆಗೆದುಕೊಳ್ಳುವುದು 1.52 ಲಕ್ಷ. ತಮ್ಮಿಬ್ಬರಲ್ಲಿ ಮಾತುಕತೆ ಇದೆಯೇ? ಇದ್ದರೆ ತಾವು ಅಲ್ಲಿಂದ ಅಲ್ಲಿಗೇ ದುಡ್ಡು ಕಳಿಸಿಬಿಡಿ. ನಡುವೆ ನಾವು ಯಾಕೆ?

ಆದಾಯ ತೆರಿಗೆಯಲ್ಲಿ ಗೃಹಸಾಲದ ಬಡ್ಡಿಗೆ 2 ಲಕ್ಷದ ವಿನಾಯಿತಿ ಇದೆ ಎಂದು ತಮ್ಮ ನೆಂಟರೊಬ್ಬರು ಹೇಳುತ್ತಿರುತ್ತಾರೆ. ಹೊಸ ಪದ್ಧತಿಗೆ ಹೋದವರಿಗೆ, ತಾವೇ ವಾಸಿಸುವ ಮನೆಗೆ, ಅದಿಲ್ಲ. ಅಡಿಕೆಯವರಿಗೆ ತೆರಿಗೆಯೇ ಇಲ್ಲ. ಅವರನ್ನು ಕರೆತರುವ ತೊಂದರೆ ಬೇಡ.

ಕೊನೆಗೆ ನನ್ನ ಮನೆ. ನಾನೂ ಒಂದು ಸಲ ಅರ್ಜಿ ಹಾಕಿದ್ದೆ. ಮೂವತ್ತೆಂಟು ಪುಟ, ನನ್ನದೇ ಮೆಷಿನ್ನಿನಲ್ಲಿ, ಪುಕ್ಕಟೆ. ಊರಿನ ಹಳೆಯ ಹೆಂಚಿನ ಮನೆಯ ಪಾಲಿನಲ್ಲಿ ನನಗೆ ಅಡುಗೆಮನೆ ಮತ್ತು ಅರ್ಧ ನಡುಮನೆ ಬಂದಿದೆ. ಭಾರತದಲ್ಲೆಲ್ಲೂ ನನಗೆ ಪಕ್ಕಾ ಮನೆ ಇಲ್ಲವೆಂದು ಬರೆದುಕೊಡಬೇಕಿತ್ತು. ಅಡುಗೆಮನೆ ಪಕ್ಕಾವೋ ಕಚ್ಚಾವೋ ಎಂದು ಮೂರು ದಿನ ಯೋಚಿಸಿ, ಮಳೆಗಾಲದಲ್ಲಿ ಒಮ್ಮೆ ಹೋಗಿ ನೋಡಿಬಂದು, ಧೈರ್ಯವಾಗಿ ಸಹಿ ಮಾಡಿದೆ. ಆಮೇಲೆ ಬ್ಯಾಂಕಿನ ಸಾಹೇಬರು ಕಂಪ್ಯೂಟರ್ ನೋಡಿ, ‘ನಿಮ್ಮ ಸಿಬಿಲ್ ಸ್ಕೋರ್ ಮೈನಸ್ ಒಂದು’ ಅಂದರು. ನಾನು ಯಾರಿಗೂ ಒಂದು ಪೈಸೆ ಬಾಕಿ ಉಳಿಸಿಕೊಂಡವನಲ್ಲ ಸಾರ್ ಅಂದೆ. ‘ಅದೇ ತೊಂದರೆ. ಸಾಲವನ್ನೇ ಮಾಡದವರನ್ನು ಹ್ಯಾಗ್ರೀ ನಂಬೋದು?’ ಅಂದರು. ಮೊದಲ ಸಲ ಸಾಲ ಕೇಳುವವರನ್ನು ಅದೊಂದೇ ಕಾರಣಕ್ಕೆ ವಾಪಸು ಕಳಿಸಬಾರದೆಂದು ರಿಸರ್ವ್ ಬ್ಯಾಂಕಿನ ಸೂಚನೆ ಇರುವುದು ನನಗೆ ಆಮೇಲೆ ತಿಳಿಯಿತು. ಅಷ್ಟರಲ್ಲಿ ಅವರ ಸಲಹೆಯಂತೆ ಕಂತಿನಲ್ಲಿ ಒಂದು ಫ್ರಿಡ್ಜ್ ತಂದಿದ್ದೆ. ಸ್ಕೋರ್ ಹುಟ್ಟಿತು. ಆದರೆ ಫ್ರಿಡ್ಜಿನ ಕಂತು ಮುಗಿಯುವುದರೊಳಗೆ ರಾಶಿ ದರ ಏರಿ, ನಾನು ನೋಡಿಟ್ಟಿದ್ದ ಸೈಟಿನವರು ಬೇರೆಯವರಿಗೆ ಮಾತು ಕೊಟ್ಟಾಗಿತ್ತು. ಫ್ರಿಡ್ಜ್ ಬಾಡಿಗೆ ಮನೆಯಲ್ಲಿ ಚೆನ್ನಾಗಿದೆ. ಬಂದರೆ ತಣ್ಣನೆ ಮಜ್ಜಿಗೆ ಕೊಡುತ್ತೇನೆ.

ದಾರಿ ಇಷ್ಟೇ. ತೋಟ, ಬ್ಯಾಂಕು, ಖಾತೆ, ಕೆರೆ, ರಿಜಿಸ್ಟ್ರಾರ್ ಆಫೀಸು, ಆಮೇಲೆ ಎಡಕ್ಕೆ.

ಹೊರಡುವಾಗ ಎರಡು ಫೋಟೊ, ಆಧಾರ್, ಪಾನ್ ಮರೆಯಬೇಡಿ. ಒಂದು ಸಣ್ಣ ತೊಡಕು ಕಾಣುತ್ತಿದೆ. ತಮ್ಮನ್ನು ಒಂದು ಕಾಗದದಲ್ಲಿ ಬಡ್ಡಿ ಸಬ್ಸಿಡಿ ಎಂದೂ ಇನ್ನೊಂದರಲ್ಲಿ ಬಡ್ಡಿ ಸಹಾಯಧನ ಎಂದೂ ಮತ್ತೊಂದರಲ್ಲಿ ಬಡ್ಡಿ ರಿಯಾಯಿತಿ ಎಂದೂ ಬರೆದಿದ್ದಾರೆ. ಹೆಸರು ಹೊಂದಿಕೆಯಾಗದಿದ್ದರೆ ಇಲ್ಲಿ ಯಾರೂ ಒಳಗೆ ಬಿಡುವುದಿಲ್ಲ. ಮೂವರೂ ಒಬ್ಬರೇ ಎಂದು ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಿ, ನೋಟರಿ ಹಾಕಿಸಿಕೊಂಡು ಬನ್ನಿ. ನೋಟರಿಯವರು ನನ್ನ ಪಕ್ಕದ ಅಂಗಡಿಯಲ್ಲೇ ಕೂರುತ್ತಾರೆ. ಮೂರು ಪ್ರತಿ ಬೇಕಾಗುತ್ತದೆ, ಆರು ರೂಪಾಯಿ. ಚಿಲ್ಲರೆ ತನ್ನಿ.

ಇತಿ ತಮ್ಮ ಆಗಮನಾಕಾಂಕ್ಷಿ,
ಜೆರಾಕ್ಸ್ ಅಂಗಡಿಯವನು,
ಚನ್ನಗಿರಿ