ಎಲೆ ಬ್ಯಾಡ, ಚೀಟಿ ಸರಿ

ಯುಗಾದಿ ಮರುದಿನ. ಹದಿನಾರು ಅನ್ನೋ ಊರಿನ ಟೀ ಅಂಗಡಿ ಪಕ್ಕ ಗೋಣಿತಾಟು ಹಾಸಿ ಇಸ್ಪೀಟು.

"ಅಂತೋಣಪ್ಪಣ್ಣ, ಕೂತ್ಕಳಿ. ಬರೀ ಹವ್ಯಾಸ."

"ಬ್ಯಾಡ ಕಣ್ಲಾ. ಶಿಲುಬೆ ಕೆಳಗೆ ಯೇಸುಸ್ವಾಮಿ ಅಂಗಿಗೆ ಚೀಟಿ ಹಾಕಿದ್ದೂ ಸಿಪಾಯಿಗಳ ಹವ್ಯಾಸವೇ."

"ಯೂದನ ಜಾಗಕ್ಕೆ ಮತ್ತೀಯನ್ನ ಆರಿಸಿದ್ದೂ ಚೀಟಿ ಹಾಕೇ ಅಂತೀರಲ್ಲ?"

"ಅದು ಪ್ರಾರ್ಥನೆ ಮಾಡಿ ಹಾಕಿದ್ದು."

"ನಾವೂ ನಂಜುಂಡೇಶ್ವರನ್ನ ನೆನೆದೇ ಎಲೆ ಎತ್ತೋದು!"

"ಲೋ, ಸರ್ಕಾರವೇ 2007ರಲ್ಲಿ ಲಾಟರಿ ನಿಲ್ಲಿಸ್ತು. ನಿಮಗಿನ್ನೂ ಬುದ್ಧಿ ಬರ್ಲಿಲ್ಲ."

"ನಿಮ್ಮ ಚರ್ಚ್ ಹಬ್ಬದ ಲಕ್ಕಿ ಡ್ರಾ?"

ಅಣ್ಣ ಖಾಲಿ ಲೋಟದೊಳಕ್ಕೆ ಇಣುಕಿದರು. ಟೀ ಮುಗಿದು ಹತ್ತು ನಿಮಿಷವಾಗಿತ್ತು.

"ಅದು... ಚಾವಣಿ ರಿಪೇರಿಗೆ."

ಜೇಬಿಂದ ಹಳದಿ ಪುಸ್ತಕ ಹೊರಬಂತು.

"ಇಪ್ಪತ್ತು ರೂಪಾಯಿ. ಮೊದಲ ಬಹುಮಾನ ಮಿಕ್ಸಿ. ಎಷ್ಟು ಹರೀಲಿ?"

ಗೆದ್ದವನು ಐದು ತಗೊಂಡ. ಸೋತ ನಾನು ಸಾಲ ಮಾಡಿ ಎರಡು.