ನಕ್ಷೆಯಲ್ಲೊಂದು ಅಪ್ರದಕ್ಷಿಣೆ

ನಮ್ಮ ಬಳಗದವರು ಯಾರೇ ಅರಸೀಕೆರೆ ಜಂಕ್ಷನ್ನಿನಲ್ಲಿ ಇಳಿಯಲಿ, ಮೊದಲು ಕಾಫಿ, ಆಮೇಲೆ ಬೇಲೂರು-ಹಳೇಬೀಡು. ದಾರಿ ಹೇಳುವ ಕೆಲಸ ನನ್ನದು. ಹೇಳಿ ಹೇಳಿ ಬಾಯಿ ನೋವು ಬಂದು, ವೆಬ್‌ನಲ್ಲಿ ಸ್ವಂತ ನಕ್ಷೆಯೊಂದನ್ನು ಮಾಡಿಡೋಣ ಎಂದು ಕೂತೆ. ಜಾವಗಲ್ ಮೇಲಿನ ದಾರಿ, ದೇವಸ್ಥಾನಗಳು, ಒಳ್ಳೆ ಎಳನೀರು ಸಿಗುವ ಜಾಗ, ಇಷ್ಟಿದ್ದರೆ ಸಾಕು. ಹಿನ್ನೆಲೆಗೆ ಓಪನ್‌ಸ್ಟ್ರೀಟ್‌ಮ್ಯಾಪ್, ತೋರಿಸುವುದಕ್ಕೆ ಲೀಫ್‌ಲೆಟ್. ಎರಡೂ ಪುಕ್ಕಟೆ.

ಪುಕ್ಕಟೆಯಾದರೂ ಮಡಿಗೆ ಕಡಿಮೆಯಿಲ್ಲ. ಅಕ್ಷಾಂಶ ಮೊದಲು, ರೇಖಾಂಶ ಆಮೇಲೆ ಎಂದು ಭೂಗೋಳದ ಮೇಷ್ಟ್ರು ಹೇಳಿಕೊಟ್ಟಿದ್ದರು. ಲೀಫ್‌ಲೆಟ್ ಮೇಷ್ಟ್ರ ಮಾತು ಕೇಳುತ್ತದೆ. ಮಾಹಿತಿ ತುಂಬಿಡುವ ಜಿಯೋಜೇಸನ್ ಕಡತ ಕೇಳುವುದಿಲ್ಲ. ಅದಕ್ಕೆ ರೇಖಾಂಶವೇ ಮೊದಲಾಗಬೇಕು. ಬೇಲೂರು ಇರುವುದು ಸುಮಾರು 13.16 ಉತ್ತರ, 75.86 ಪೂರ್ವದಲ್ಲಿ. ಹಿಂದುಮುಂದಾದರೆ, 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ನಾರ್ವೆಗೂ ಉತ್ತರಕ್ಕೆ, ಸ್ವಾಲ್‌ಬಾರ್ಡ್ ದ್ವೀಪಗಳ ಬಳಿಯ ಕಡಲಿಗೆ ಹೋಗಿ ಬೀಳುತ್ತಾನೆ. ಕ್ಷೀರಸಾಗರದಲ್ಲಿ ಮಲಗಿ ರೂಢಿಯಾದವನು, ಹೇಗೋ ಸುಧಾರಿಸಿಕೊಂಡಾನು. ಅರಸೀಕೆರೆ, ಹಳೇಬೀಡುಗಳ ಶಿವನೂ ಅಲ್ಲೇ ಆಸುಪಾಸು ನೀರುಪಾಲು. ಅಭಿಷೇಕಪ್ರಿಯನೇ ನಿಜ, ಆದರೆ ಅಷ್ಟು ತಣ್ಣೀರು!

ಮುಂದಿನದು ದೇವಸ್ಥಾನದ ಆಕಾರ ಬರೆಯುವ ಕೆಲಸ. ಅರಸೀಕೆರೆಯ ಈಶ್ವರ ದೇವಸ್ಥಾನ 1220ರದ್ದು; ಅದರ ನಕ್ಷತ್ರಾಕಾರದ ಮೂಲೆಗಳನ್ನು ಒಂದೊಂದಾಗಿ ಗುರುತಿಸುತ್ತ ಸುತ್ತು ಬರಬೇಕು. ಹೊರಟ ಬಿಂದುವನ್ನೇ ಕೊನೆಗೆ ಇನ್ನೊಮ್ಮೆ ಬರೆದರೆ ಮಾತ್ರ ಸುತ್ತು ಮುಗಿಯಿತು. ಯಾವ ಕಡೆಯಿಂದ ಸುತ್ತಬೇಕೆಂಬುದಕ್ಕೂ ಶಾಸ್ತ್ರವಿದೆ. ಎಸ್ರಿ ಕಂಪನಿಯ ಹಳೇ ನಕ್ಷೆ ಕಡತ ಶೇಪ್‌ಫೈಲ್ ಸಂಪ್ರದಾಯಸ್ಥ, ಹೊರಗಿನ ಗೆರೆ ಬಲಕ್ಕೆ ತಿರುಗಬೇಕು. 2016ರಲ್ಲಿ ಪ್ರಕಟವಾದ ಜಿಯೋಜೇಸನ್ ನಿಯಮದ ಪ್ರಕಾರ ಅದೇ ಗೆರೆ ಎಡಕ್ಕೆ! ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ ಇದನ್ನು ಕೇಳಿ ಗಾಬರಿಯಾದರು.

"ದೇವಸ್ಥಾನಕ್ಕೆ ಅಪ್ರದಕ್ಷಿಣೆ ಬರ್ತಿದೀಯೇನೋ? ಅದೂ ಶಿವನಿಗೆ ಪೂರ್ತಿ ಸುತ್ತು? ಸೋಮಸೂತ್ರ ದಾಟಬಾರದು ಕಣೋ, ಅಲ್ಲೀತನಕ ಹೋಗಿ ವಾಪಸ್ ಬರಬೇಕು."

ಅಭಿಷೇಕದ ನೀರು ಹೊರಬರುವ ಜಾಗವನ್ನು ದಾಟದೆ ಹಿಂದಿರುಗಿದರೆ ಸುತ್ತು ಕೂಡುವುದಿಲ್ಲ. ಕೂಡದ ಗೆರೆ ಪಾಲಿಗನ್ ಅಲ್ಲ, ಲೈನ್‌ಸ್ಟ್ರಿಂಗ್. ಅತ್ತೆಯ ಶಾಸ್ತ್ರವನ್ನೂ ಜಿಯೋಜೇಸನ್ ಶಾಸ್ತ್ರವನ್ನೂ ಒಟ್ಟಿಗೆ ಕಾಪಾಡಲು ದೇವಸ್ಥಾನವನ್ನು ಪಾಲಿಗನ್ ಮಾಡಿ, ಅತ್ತೆ ಸುತ್ತುವ ದಾರಿಯನ್ನು ಲೈನ್‌ಸ್ಟ್ರಿಂಗ್ ಮಾಡಿದೆ. ಇಬ್ಬರೂ ತಕರಾರು ಎತ್ತಲಿಲ್ಲ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ಪಟ್ಟಿ ಸೇರಿದವು. ಅರಸೀಕೆರೆ ಸೇರಲಿಲ್ಲ. ನನ್ನ ನಕ್ಷೆಯಲ್ಲಿ ಅರಸೀಕೆರೆಯ ಚುಕ್ಕೆ ಬೇಲೂರು, ಹಳೇಬೀಡುಗಳ ಚುಕ್ಕೆಗಿಂತ ದಪ್ಪಗಿದ್ದರೆ ಅದಕ್ಕೆ ಕಾರಣ ಇಷ್ಟೇ. ಯುನೆಸ್ಕೊವನ್ನು ಕೇಳದೆ ನಮ್ಮೂರನ್ನು ದೊಡ್ಡದು ಮಾಡಬಹುದು, ಸ್ವಂತ ನಕ್ಷೆಯ ಸುಖ ಇದೇ. ನೀವೂ ನಿಮ್ಮೂರಿನದೊಂದು ಮಾಡಿ ನೋಡಿ. ಜಿಯೋಜೇಸನ್ ಬರೆಯುವಾಗ ಮಾತ್ರ ಮೇಷ್ಟ್ರನ್ನು ಮರೆತುಬಿಡಿ; ಬಿಡದಿದ್ದರೆ ನಿಮ್ಮ ಊರದೇವರಿಗೆ ಒಂದು ಕಂಬಳಿಯನ್ನಾದರೂ ಕಳಿಸಿ.