ಆಗಿನ ಆಳು, ಈಗಿನ ಗೋಳು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಯಾವ ಮದುವೆ ಪಂಕ್ತಿಯಲ್ಲಿ ಕೂತರೂ ಪಾಯಸ ಬರುವ ಹೊತ್ತಿಗೆ ಒಂದು ಮಾತು ಬಂದೇ ಬರುತ್ತದೆ: “ಆ ಕಾಲದ ಆಳುಗಳೇ ಬೇರೆ ಬಿಡಿ, ಏನು ನಿಯತ್ತು!” ಈ ನಿಯತ್ತಿನ ಲೆಕ್ಕವನ್ನು ಒಂದು ಸಲ ಬಿಚ್ಚಿ ನೋಡಬೇಕು ಎನ್ನುವುದು ನನ್ನ ತಕರಾರು. ಯುಗಾದಿಗೆ ಗೊತ್ತು ಮಾಡಿದ ಸಂಬಳದಾಳು ಮುಂದಿನ ಯುಗಾದಿಯವರೆಗೆ ಆ ಮನೆಗೇ ಸೇರಿದವನು. ಸಂಬಳವೆಂದರೆ ಇಷ್ಟು ರಾಗಿ, ಒಂದು ಕಂಬಳಿ, ಒಂದು ಜೊತೆ ಮೆಟ್ಟು, ಹೊತ್ತುಹೊತ್ತಿಗೆ ಮುದ್ದೆ. ರಾಗಿ ಇರುವುದು ನೆಲದೊಳಗಿನ ಹಗೇವಿನಲ್ಲಿ, ಹಗೇವು ತೆಗೆಯುವ ಮುಹೂರ್ತ ಯಜಮಾನರ ಮರ್ಜಿಯಲ್ಲಿ. ಅವನ ಹೆಂಡತಿ ಬೆಳಗಾಗೆದ್ದು ಕೊಟ್ಟಿಗೆ ಬಾಚುವುದು ಎಷ್ಟೋ ಕಡೆ ಲೆಕ್ಕಕ್ಕೇ ಇಲ್ಲ. ನಡುವೆ ಮದುವೆಯೋ ಸಾವೋ ಆಗಿ ಅವನು ಸಾಲ ಎತ್ತಿದನೋ, ಬಡ್ಡಿ ಹೇಳುವವರೂ ಯಜಮಾನರೇ, ಪತ್ರ ಬರೆಸುವವರೂ ಅವರೇ, ಹೆಬ್ಬೆಟ್ಟಿಗೆ ಮಸಿ ಹಚ್ಚುವವರೂ ಅವರೇ. ಸಾಲ ತೀರದಿದ್ದರೆ ಅಪ್ಪನ ಜಾಗಕ್ಕೆ ಮಗ. ಹೋಗಲು ದಾರಿಯಿಲ್ಲದವನು ಹೋಗಲಿಲ್ಲ ಎಂಬುದೇ ನಿಯತ್ತಾದರೆ, ಗೂಟಕ್ಕೆ ಕಟ್ಟಿದ ಎತ್ತಿಗೂ ಸನ್ಮಾನ ಮಾಡಬೇಕಾಗುತ್ತದೆ. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ತಂದು, 1976ರಲ್ಲಿ ಸಂಸತ್ತು ಕಾಯ್ದೆ ಮಾಡಿ ಜೀತ ರದ್ದು ಮಾಡಬೇಕಾಯಿತು. ಪ್ರೀತಿಯಿಂದ ಕೂಡಿಕೊಂಡಿದ್ದವರನ್ನು ಬಿಡಿಸಲು ದಿಲ್ಲಿಯವರೇಕೆ ಬರಬೇಕಿತ್ತು?

ಇನ್ನೊಂದು ಸತ್ಯ ಪಾಯಸದಲ್ಲಿ ಮುಳುಗಿ ಹೋಗುತ್ತದೆ. ಊರಿನ ಬಹುಪಾಲು ಮನೆಗಳಿಗೆ ಆಳೇ ಇರಲಿಲ್ಲ. ಇವತ್ತು ನಿಮ್ಮ ಹೊಲ, ನಾಳೆ ನಮ್ಮ ಹೊಲ ಎಂದು ಮುಯ್ಯಾಳಿನಲ್ಲೇ ನಾಟಿ, ಕೊಯ್ಲು ಸಾಗುತ್ತಿದ್ದವು. ರೇಷ್ಮೆ ಸಾಕುವ ಮನೆಯಲ್ಲಂತೂ ಯಜಮಾನನೇ ಆಳು, ಹುಳುವೇ ದೊರೆ. ನಾಲ್ಕು ಜ್ವರ, ಅಂದರೆ ಪೊರೆ ಬಿಡುವ ಹಂತ, ಮುಗಿಸಿ ಎದ್ದ ಹುಳು ಸೊಪ್ಪು ತಿನ್ನತೊಡಗಿತೆಂದರೆ ಮಳೆ ಹುಯ್ದಂತೆ ಸದ್ದು. ರಾತ್ರಿ ಹನ್ನೊಂದಕ್ಕೂ ಸೊಪ್ಪು ಹಾಕಬೇಕು, ಸೊಪ್ಪು ಒದ್ದೆಯಾಗಿರಬಾರದು. ಹುಳು ಹಣ್ಣಾದ ದಿನ ಅತ್ತೆ, ಸೊಸೆ, ಇಸ್ಕೂಲಿಗೆ ಹೊರಟ ಹುಡುಗ, ನೆಂಟರಾಗಿ ಬಂದ ಭಾವ ಎಲ್ಲರೂ ಬಾಗಿ ಕೂತು ಆಯ್ದು ಗೂಡು ಕಟ್ಟುವ ಚಂದ್ರಂಕಿಗೆ ಬಿಡಬೇಕು. ಅಂದು ಕರೆದ ಕೂಲಿಯವರು ಕೇಳಿದಷ್ಟು ಕೊಡದೆ ವಿಧಿಯಿಲ್ಲ, ಏಕೆಂದರೆ ಗೂಡು ಕಟ್ಟುವ ಹುಳು ನಾಳೆ ಬಾ ಎಂದರೆ ಕೇಳುವುದಿಲ್ಲ. ಬೇಡ ಎನ್ನುವ ಶಕ್ತಿ ಆಳಿಗೆ ಬಂದ ದಿನ ಕೂಲಿ ತಾನಾಗಿ ಏರುತ್ತದೆ. ಗುಣ ಕೆಟ್ಟಿತು ಎಂಬ ದೂರು ಏಳುವುದೂ ಸಾಮಾನ್ಯವಾಗಿ ಅದೇ ದಿನ.

“ಹಬ್ಬಕ್ಕೆ ಹೋಳಿಗೆ ಕೊಡುತ್ತಿರಲಿಲ್ಲವೇ? ಮಗಳ ಮದುವೆಗೆ ಸೀರೆ ಕೊಡಲಿಲ್ಲವೇ?” ಎನ್ನುವವರಿದ್ದಾರೆ. ಕೊಟ್ಟರು, ಸುಳ್ಳಲ್ಲ. ಕಾಯಿಲೆ ಬಿದ್ದಾಗ ಗಾಡಿ ಕಟ್ಟಿಸಿ ಆಸ್ಪತ್ರೆಗೆ ಕಳಿಸಿದವರೂ ಇದ್ದರು. ಆದರೆ ಹೋಳಿಗೆ ಕೊಟ್ಟವರ ಮನಸ್ಸು ಕೆಟ್ಟರೆ ಹೋಳಿಗೆಯೂ ಇಲ್ಲ, ಕೇಳುವ ಹಕ್ಕೂ ಇಲ್ಲ. ಬಿಡದಿಯ ಕಾರ್ಖಾನೆಗಳು, ಗಾರ್ಮೆಂಟ್ಸು, ಬೆಂಗಳೂರಿನ ರೈಲು ಬಂದು ಕೆಲಸದವರನ್ನೆಲ್ಲ ಸೆಳೆದುಕೊಂಡವು ಎಂಬ ಇನ್ನೊಂದು ಆಕ್ಷೇಪ ನಿಜವೇ. ಆದರೆ ಸೆಳೆದದ್ದು ತಿಂಗಳ ಮೊದಲ ವಾರ ಕೈಗೆ ಬರುವ ನಗದು, ಭಾನುವಾರದ ರಜೆ. ಮನೆಯೊಡೆಯರು ಅವೆರಡನ್ನೂ ಮೊದಲೇ ಕೊಟ್ಟಿದ್ದರೆ ಬೆಳಗಿನ ರೈಲಿನಲ್ಲಿ ನಿಲ್ಲಲಾದರೂ ಜಾಗ ಸಿಗುತ್ತಿತ್ತೇನೋ.

ಈಗಲೂ ಮಾಗಡಿ ಅವರೆ ಬಂದ ಕೂಡಲೇ ಕಷ್ಟ ಶುರು. ರಾತ್ರಿ ನೆನೆಹಾಕಿದ ಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಒಂದೊಂದಾಗಿ ಹಿತುಕಬೇಕು. ಸೇರು ಮುಗಿಯುವಷ್ಟರಲ್ಲಿ ಸೊಂಟ ಹಿಡಿಯುತ್ತದೆ. ಇದಕ್ಕೆ “ಮನೆಯವಳಂತೆ” ಇರುವ ಹೆಂಗಸನ್ನು ಹುಡುಕುವವರು, ಮನೆಯವರಲ್ಲಿ ಯಾರ ಬೆರಳಿಗೂ ಆ ಕೆಲಸ ಏಕೆ ಒಗ್ಗುವುದಿಲ್ಲ ಎಂದು ಯೋಚಿಸಬೇಕು. ಕರ್ನಾಟಕದಲ್ಲಿ ಮನೆಗೆಲಸದವರಿಗೆ ಕನಿಷ್ಠ ವೇತನ ನಿಗದಿಯಾದದ್ದು 2004ರಲ್ಲಿ. ಕೆಲಸಕ್ಕೆ ಬರುವಾಕೆಗೆ ಅಷ್ಟಾದರೂ ಕೊಡಿ, ವಾರಕ್ಕೊಂದು ರಜೆ ಬಿಡಿ. ನಿಯತ್ತಿನ ಮಾತು ಆಮೇಲೆ ಆಡೋಣ.